ಜೇನಿನ ಸಾಕ್ಷಿ

ಮಡಿಕೇರಿಗೆ ಬಂದ ನೆಂಟರು ಊರಿಗೆ ಹೊರಟಾಗ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಅಸಲಿ ಜೇನು ಎಲ್ಲಿ ಸಿಗುತ್ತದೆ?" ಕಾಫಿಯನ್ನು, ಕರಿಮೆಣಸನ್ನು ಅವರು ಇಷ್ಟಾಗಿ ಶಂಕಿಸುವುದಿಲ್ಲ. ಪಾಪ, ಜೇನಿಗೆ ಮಾತ್ರ ಅಗ್ನಿಪರೀಕ್ಷೆ! ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ಹಚ್ಚಿ ನೋಡುವವರುಂಟು. ನೀರಿನ ಲೋಟಕ್ಕೆ ಹನಿ ಬಿಟ್ಟು, ಅದು ತಳ ಸೇರುವುದನ್ನು ಕಾಯುವವರುಂಟು. ಗಟ್ಟಿಯಾದ ಸಕ್ಕರೆ ಪಾಕವೂ ತಳ ಸೇರುತ್ತದೆಂಬುದನ್ನು ಅವರಿಗೆ ಹೇಳುವವರು ಯಾರು?

ಜೇನಿನ ನಿಜವಾದ ಸಾಕ್ಷಿ ಅದರೊಳಗೇ ಇದೆ. ಮಕರಂದಕ್ಕೆ ನೊಣವು ತನ್ನ ಗ್ರಂಥಿಗಳ ರಸವನ್ನು ಬೆರೆಸುತ್ತದೆ. ಆ ರಸದ ಕಿಣ್ವಗಳಲ್ಲಿ ಡಯಾಸ್ಟೇಸ್ ಒಂದು. ಪಿಷ್ಟವನ್ನು ಒಡೆಯುವುದು ಅದರ ಕೆಲಸ. ಜೇನನ್ನು ಕಾಸಿದರೆ, ಬಹುಕಾಲ ಇಟ್ಟರೆ ಅದರ ಬಲ ಕುಂದುತ್ತದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಅದು 8 ಶೇಡ್ ಮಾನಕ್ಕಿಂತ ಕಡಮೆಯಿರಕೂಡದು. ಪಿಷ್ಟಕ್ಕೆ ಅಯೋಡಿನ್ ಬೆರೆಸಿದಾಗ ಬರುವ ನೀಲಿ ಎಷ್ಟು ಬೇಗ ಮಾಸುತ್ತದೆಂದು ನೋಡಿ ಇದನ್ನು ಅಳೆಯುತ್ತಾರೆ. ಅದಕ್ಕೆ ಪ್ರಯೋಗಶಾಲೆ ಬೇಕು.

ಇಂಥ ಕೆಲಸಕ್ಕೆ ವಿಜ್ಞಾನಿಗಳು ಕೂದಲೆಳೆಯಂಥ ಗಾಜಿನ ತಂತುವನ್ನು ಹಿಡಿದಿದ್ದಾರೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಹಾಪ್ಕಿನ್ಸ್ ಅವರೊಡನೆ ಲಂಡನ್ನಿನಲ್ಲಿ ದುಡಿದು, ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಪ್ರಕಟಿಸಿದರು. ಈಗ ಅದೇ ಬಗೆಯ ತಂತುವಿಗೆ ಕಿಣ್ವಕ್ಕೆ ಪ್ರಿಯವಾದ ವಸ್ತುವಿನ ತೆಳು ಲೇಪ ಕೊಡುತ್ತಾರೆ. ಕಿಣ್ವವು ಲೇಪವನ್ನು ಒಡೆದಂತೆ ಒಳಗಿನ ಬೆಳಕು ಬದಲಾಗುತ್ತದೆ. ಗಾಜಿಗೆ ನಾಲಗೆ ಬಂದಂತೆ!

ಆದರೆ ನಾಲಗೆ ಹೇಳಿದ್ದೆಲ್ಲ ತೀರ್ಪಲ್ಲ. ಕಿತ್ತಳೆ ಜಾತಿಯ ಹೂವಿನ ಜೇನಿನಲ್ಲಿ ಈ ಕಿಣ್ವ ಸಹಜವಾಗಿಯೇ ಕಡಮೆ. ಅಂಥವಕ್ಕೆ ಕೋಡೆಕ್ಸ್ 3ರವರೆಗೆ ರಿಯಾಯಿತಿ ಕೊಟ್ಟಿದೆ. ಕಿತ್ತಳೆಗೆ ಹೆಸರಾದ ಕೊಡಗಿನವರು ಇದನ್ನು ಮರೆಯಬಾರದು. ಇನ್ನೊಂದು ಕಡೆ, ಹೊರಗಿನ ಕಿಣ್ವವನ್ನು ಪಾಕಕ್ಕೆ ಬೆರೆಸಿ ಪರೀಕ್ಷೆಯನ್ನೇ ವಂಚಿಸುವ ಜಾಣರೂ ಇದ್ದಾರೆ.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆ ಜೇನನ್ನು ಗುಡಿಸಿಹಾಕಿತು. ಬರಿದಾದ ಪೆಟ್ಟಿಗೆಗಳನ್ನು ಮತ್ತೆ ತುಂಬಿಸಿಕೊಂಡ ಹಿರಿಯ ಕೃಷಿಕರೊಬ್ಬರಿಗೆ ಈ ತಂತುವಿನ ಕಥೆ ಹೇಳಿದೆ. ಅವರು ನಕ್ಕು, "ಮೇಷ್ಟ್ರೇ, ಅದು ಕೊಳ್ಳುವವರ ಕೈಗೇ ಬರುತ್ತದೋ, ನಮ್ಮ ಕೈಗೂ ಬರುತ್ತದೋ?" ಎಂದರು.

ಪ್ರಶ್ನೆ ನ್ಯಾಯವಾದದ್ದು. ಪರೀಕ್ಷೆಯೆಂದರೆ ಕಳ್ಳನನ್ನು ಹಿಡಿಯುವ ಉಪಾಯವೆಂದೇ ನಾವು ಬಗೆಯುತ್ತೇವೆ. ಪಾಕದ ಬಾಟಲಿಯ ಪಕ್ಕದಲ್ಲೇ ತನ್ನ ಜೇನನ್ನಿಟ್ಟು ಕೂತಿರುವ ಸಾಚಾ ಮನುಷ್ಯನಿಗೂ ಒಂದು ಸಾಕ್ಷಿ ಬೇಕಲ್ಲವೆ?