ಮರದ ಮುಖ ಎಲ್ಲಿದೆ?

ಬಸವಣ್ಣನವರು ತತ್ತ್ವವನ್ನು ತಿಳಿಯಹೇಳಲು ಎತ್ತಿಕೊಳ್ಳುವ ದೃಷ್ಟಾಂತಗಳು ಬಹುಮಟ್ಟಿಗೆ ಹೊಲ, ಹಿತ್ತಲು, ಅಡುಗೆಮನೆಗಳಿಂದ ಬಂದವು. ಅವುಗಳಲ್ಲಿ ಮರ ಮತ್ತು ಬೇರಿನ ದೃಷ್ಟಾಂತ ಶರಣಬಂಧುಗಳಿಗೆಲ್ಲ ಪರಿಚಿತವಾದುದು. ಮರವು ಉಣ್ಣುವುದು ಬೇರಿನ ಮೂಲಕ. ಬುಡಕ್ಕೆ ಉಣಿಸಿದ್ದು ತುದಿಯಲ್ಲಿ ಹಸಿರಾಗಿ ಕಾಣುತ್ತದೆ. ಅದರಂತೆ ಲಿಂಗಕ್ಕೆ ಅರ್ಪಿಸಿದ್ದು ಲಿಂಗವನ್ನು ಸೇರುವುದು ಜಂಗಮದ ಮೂಲಕ. ಇದು ಆ ವಚನದ ಸಾರ. ದಾಸೋಹ ತತ್ತ್ವದ ವಿವರಣೆಯಲ್ಲಿ ಈ ವಚನಕ್ಕೆ ಅಗ್ರಸ್ಥಾನವಿದೆ.

ವ್ಯಾಖ್ಯಾನ ಮಾಡುವವರು ಸಾಮಾನ್ಯವಾಗಿ ಈ ವಚನದ ಉತ್ತರಾರ್ಧದಲ್ಲಿ ನೆಲೆ ನಿಲ್ಲುತ್ತಾರೆ. ಜಂಗಮಸೇವೆಯ ಮಹತ್ತ್ವವನ್ನು ವಿಸ್ತರಿಸಿ, ಪೂರ್ವಾರ್ಧವನ್ನು ಹೋಲಿಕೆಯೆಂದು ಹೇಳಿ ಮುಂದೆ ಸಾಗುತ್ತಾರೆ. ಆದರೆ ಹೋಲಿಕೆಗೆ ಬಲ ಬರುವುದು ಅದು ಲೋಕದಲ್ಲಿ ಸತ್ಯವಾಗಿರುವುದರಿಂದ. ಬೇರು ನಿಜವಾಗಿಯೂ ಮರದ ಮುಖವಾಗಿರದಿದ್ದರೆ ಬಸವಣ್ಣನವರ ಮಾತು ಅಲಂಕಾರ ಮಾತ್ರವಾಗಿ ಉಳಿಯುತ್ತಿತ್ತು. ಈ ಪೂರ್ವಾರ್ಧವನ್ನು ಮರೆತು ಉತ್ತರಾರ್ಧವನ್ನು ಮಾತ್ರ ಪಾಲಿಸಹೊರಟ ಒಂದು ಭಕ್ತ ಕುಟುಂಬದ ಅನುಭವವು ಇಲ್ಲಿ ಚಿಂತನಾರ್ಹವಾಗಿದೆ.

ಧಾರವಾಡದ ಹಳೆಯ ಬಡಾವಣೆಯೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರ ಮನೆಯಿದೆ. ಮನೆಯ ಮುಂದೆ ಬಲಗಡೆ ಒಂದು ಬಿಲ್ವ, ಎಡಗಡೆ ಒಂದು ಹುಣಸೆ. ಎರಡನ್ನೂ ಅವರ ತಂದೆಯವರೇ ನೆಟ್ಟದ್ದು. ಬಿಲ್ವದ ಪತ್ರೆ ನಿತ್ಯವೂ ಇಷ್ಟಲಿಂಗ ಪೂಜೆಗೆ ಸಲ್ಲುತ್ತದೆ. ಹುಣಸೆಯ ಸೇವೆ ವರುಷಕ್ಕೊಮ್ಮೆ. ಶಿವರಾತ್ರಿಯ ಆಚೀಚೆ ಹಣ್ಣು ಬಡಿಸಿ, ಬಿಸಿಲಿಗೆ ಹಾಕಿ, ಸಿಪ್ಪೆ ನಾರು ಬೀಜಗಳನ್ನು ತೆಗೆದು, ಉಂಡೆ ಕಟ್ಟಿ ಮಠದ ದಾಸೋಹದ ಅಡುಗೆಮನೆಗೆ ಒಪ್ಪಿಸುವುದನ್ನು ಆ ಮನೆಯ ತಾಯಿಯವರು ಮದುವೆಯಾಗಿ ಬಂದ ವರುಷದಿಂದ ನಡೆಸಿಕೊಂಡು ಬಂದಿದ್ದರು. ಪ್ರಸಾದದ ಸಾರಿನಲ್ಲಿ ಆ ಮರದ ಹುಳಿಯನ್ನು ಅನೇಕರು ತಿಳಿಯದೆಯೇ ಸವಿದಿದ್ದಾರೆ.

ಆ ತಾಯಿಗೆ ಮೂತ್ರಪಿಂಡದ ವ್ಯಾಧಿ ಬಂದಿತು. ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗಾಗಿ ಹುಬ್ಬಳ್ಳಿಗೆ ಹೋಗಬೇಕಾಯಿತು. ಗೇಟಿನಿಂದ ಬಾಗಿಲಿಗೆ ನಲವತ್ತು ಹೆಜ್ಜೆಗಳು. ಚಿಕಿತ್ಸೆ ಮುಗಿಸಿ ಬಂದ ಸಂಜೆ, ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ, ಆ ನಲವತ್ತು ಹೆಜ್ಜೆಗಳನ್ನು ಅವರು ಮಗನ ತೋಳು ಹಿಡಿದು ಎರಡು ಕಡೆ ನಿಂತು ನಡೆಯುತ್ತಿದ್ದರು. ಒಮ್ಮೆ ಜಾರಿಯೂ ಬಿದ್ದರು. ಆದುದರಿಂದ 2022ರ ಬೇಸಿಗೆಯಲ್ಲಿ ಮನೆಯ ದುರಸ್ತಿ ಕೈಗೊಂಡಾಗ, ಕಾರು ಬಾಗಿಲವರೆಗೆ ಬಂದು ನಿಲ್ಲುವಂತೆ ಒಂದು ಷೆಡ್ಡು ಕಟ್ಟಿಸಬೇಕೆಂದು ಇಂಜಿನಿಯರನಾದ ಮಗ ನಿಶ್ಚಯಿಸಿದನು. ಇದರಲ್ಲಿ ಆಡಂಬರವಿರಲಿಲ್ಲ, ತಾಯಿಯ ಸೇವೆಯೇ ಉದ್ದೇಶವಾಗಿತ್ತು.

ಷೆಡ್ಡನ್ನು ಯಾವ ಕಡೆ ಕಟ್ಟಬೇಕೆಂಬ ಪ್ರಶ್ನೆ ಬಂದಾಗ ಯಾರೂ ಹೆಚ್ಚು ಯೋಚಿಸಲಿಲ್ಲ. ಬಲಗಡೆ ಪತ್ರೆಯ ಮರ. ಅದರ ತಂಟೆ ಬೇಡ. ಎಡಗಡೆ ಇರುವುದು ಹುಣಸೆ ತಾನೆ. ಹುಣಸೆಯನ್ನು ಕಡಿಯುವ ಮಾತೂ ಇರಲಿಲ್ಲ. ಕಾಂಡದಿಂದ ಒಂಬತ್ತು ಅಡಿ ಬಿಟ್ಟು, ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಸುತ್ತ ಗೋಡೆ, ಮೂರು ಅಡಿ ಆಳದ ತಳಪಾಯ, ನೆಲಕ್ಕೆ ಕಾಂಕ್ರೀಟು ಎಂದು ನಕ್ಷೆಯಾಯಿತು. ಮರ ಮರದ ಜಾಗದಲ್ಲಿಯೇ ಇರುತ್ತದೆಂದು ಎಲ್ಲರೂ ಭಾವಿಸಿದರು.

ಪಾಯ ತೋಡುವ ದಿನ ಅಗೆಯುವ ಯಂತ್ರ ಬಂದಿತು. ಮೊದಲ ಸಾಲಿನಲ್ಲಿಯೇ ಮುಂಗೈ ಗಾತ್ರದ ಒಂದು ಬೇರು, ತೊಡೆ ಗಾತ್ರದ ಇನ್ನೊಂದು ಬೇರು ಹರಿದು ಹೊರಬಂದವು. ಬೇರು ಬಿಟ್ಟರೆ ನಾಳೆ ಗೋಡೆ ಸೀಳುತ್ತದೆ, ಎಲ್ಲವನ್ನೂ ಕತ್ತರಿಸುವುದೇ ಲೇಸು ಎಂದು ಮೇಸ್ತ್ರಿಯವರು ಸಲಹೆ ನೀಡಿದರು. ಕಿಟಕಿಯ ಬಳಿ ಕುಳಿತಿದ್ದ ತಾಯಿಯವರು ಅಲ್ಲಿಂದಲೇ ಒಂದು ಮಾತು ಹೇಳಿದರು: “ಗಿಡದ ಬಾಯಾಗ ಮಣ್ಣ ಹಾಕಿದ್ರಲ್ಲೋ ತಮ್ಮಾ.” ಒಬ್ಬರ ಅನ್ನವನ್ನು ಕಿತ್ತುಕೊಂಡಾಗ ಆಡುವ ಮಾತು ಅದು. ಶಿಕ್ಷಕರು ಆ ದಿನದ ಕೆಲಸವನ್ನು ನಿಲ್ಲಿಸಿದರು.

ಸಂಜೆ ಪೂಜೆಯ ತರುವಾಯ ಅವರು ಮಗನನ್ನು ಕರೆದು ಬೇರಿನ ವಚನವನ್ನು ಓದಿದರು. ಮಗನೂ ವಚನಗಳನ್ನು ಕೇಳಿಯೇ ಬೆಳೆದವನು. ಅವನು ವಿನಯದಿಂದಲೇ ಮತ್ತೊಂದು ವಚನವನ್ನು ನೆನಪಿಸಿದನು. ಕಂಡ ಕಂಡ ಮರಗಳಿಗೆ ಪ್ರದಕ್ಷಿಣೆ ಬರುವವರನ್ನು, ಒಂದು ದಿನ ಒಣಗಿಹೋಗುವ ಮರವನ್ನು ನಚ್ಚಿದವರನ್ನು ಬಸವಣ್ಣನವರೇ ಟೀಕಿಸಿದ್ದಾರಲ್ಲವೆ? ನಡೆಯಲಾರದ ಅವ್ವ ದೊಡ್ಡವಳೋ, ಮರ ದೊಡ್ಡದೋ? ತಂದೆಯವರಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಎರಡು ದಿನ ಅವರು ಮೌನವಾಗಿದ್ದರು. ತೋಡಿದ ಪಾಯ ಹಾಗೆಯೇ ತೆರೆದಿತ್ತು. ಕಡಿದ ಬೇರುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದರು.

ಮಗನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ವಚನಕ್ಕೆ ವಚನ ಎದುರಾದಂತೆ ಕಂಡಾಗ ಎರಡರ ಸಂದರ್ಭವನ್ನೂ ನೋಡಬೇಕು. ಮರಕ್ಕೆ ಸುತ್ತುಬರುವವರನ್ನು ಶರಣರು ಆಕ್ಷೇಪಿಸಿದ್ದು, ತನ್ನ ಅಂಗದ ಮೇಲಿನ ಲಿಂಗವನ್ನು ಮರೆತು ಹೊರಗಿನ ವಸ್ತುವಿನಿಂದ ವರ ಬೇಡುವ ಮನೋಭಾವಕ್ಕಾಗಿ. ಸುತ್ತುಬರುವವನ ಕಣ್ಣು ಮರದ ಕಾಂಡದ ಮೇಲಿರುತ್ತದೆ, ಮನಸ್ಸು ತನ್ನ ಬೇಡಿಕೆಯ ಮೇಲಿರುತ್ತದೆ. ಮರದ ಹಸಿವಿನ ಗೊಡವೆ ಅವನಿಗಿಲ್ಲ. ಬೇರಿಗೆ ನೀರೆರೆಯುವವನಾದರೋ ಮರಕ್ಕೆ ಏನು ಬೇಕೆಂದು ನೋಡುತ್ತಾನೆ. ಮೊದಲನೆಯದು ಬೇಡಿಕೆ, ಎರಡನೆಯದು ದಾಸೋಹ. ಈ ಬೆಳಕಿನಲ್ಲಿ ನೋಡಿದರೆ, ಪತ್ರೆ ಕೊಡುವ ಮರವೆಂದು ಬಿಲ್ವವನ್ನು ಉಳಿಸಿ, ಪೂಜೆಗೆ ಒದಗದ ಮರವೆಂದು ಹುಣಸೆಯ ಕಡೆ ಪಾಯ ತೋಡಿದ ಆ ನಕ್ಷೆಯಲ್ಲಿಯೇ ಪ್ರದಕ್ಷಿಣೆಯ ಮನೋಭಾವ ಅಡಗಿತ್ತು. ಜೀವಗಳಲ್ಲಿ ಮೇಲುಕೀಳೆಣಿಸದ ಶರಣಧರ್ಮಕ್ಕೆ ಮರಗಳಲ್ಲಿ ಮೇಲುಕೀಳೆಣಿಸುವುದು ಹೇಗೆ ಒಪ್ಪಿತವಾದೀತು?

ಇನ್ನು ಲೌಕಿಕದ ಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು 1976ರಿಂದ ಜಾರಿಯಲ್ಲಿದೆ. ತೆಂಗು, ನೀಲಗಿರಿಯಂತಹ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹಿತ್ತಲಿನ ಮರವನ್ನು ಕಡಿಯಲು ಕೂಡ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾಂಡವನ್ನು ಕತ್ತರಿಸುವುದಷ್ಟೇ ಅಲ್ಲ. ಬುಡಸಹಿತ ಕೀಳುವುದು, ತೊಗಟೆ ಸುಲಿಯುವುದು, ಸುಡುವುದು, ಇತರ ಯಾವುದೇ ರೀತಿಯಲ್ಲಿ ಹಾನಿ ಮಾಡುವುದು ಸಹ ಆ ಕಾಯಿದೆಯ ಅರ್ಥದಲ್ಲಿ ಮರ ಕಡಿದಂತೆಯೇ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದಿಲ್ಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆದುಹಾಕಲು ಆದೇಶಿಸಿದ್ದಕ್ಕೂ ಇದೇ ಕಾರಣ. ಸಿಮೆಂಟಿನ ಕೆಳಗಿನ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ.

ಮಗನು ಈ ವಿಷಯಗಳನ್ನು ತಾನೇ ಹುಡುಕಿ ಓದಿದನು. ನೀರನ್ನೂ ಸಾರವನ್ನೂ ಹೀರುವ ಬೇರುಗಳು ಹೆಚ್ಚಿನ ಪಾಲು ಮೇಲ್ಮಣ್ಣಿನ ಎರಡು ಅಡಿಯೊಳಗೇ ಇರುತ್ತವೆ, ಮರದ ನೆರಳನ್ನೂ ಮೀರಿ ಹೊರಗೆ ಹರಡಿರುತ್ತವೆ ಎಂಬುದು ಅವನಿಗೆ ಹೊಸ ಸಂಗತಿಯಾಗಿತ್ತು. ಕಟ್ಟಡ ಕೆಲಸದಲ್ಲಿ ಮರಗಳ ರಕ್ಷಣೆಗೆಂದು ಬ್ರಿಟನ್ನಿನವರು ಅನುಸರಿಸುವ ಬಿ.ಎಸ್. 5837 ಎಂಬ ಮಾನಕವು, ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟೋ ಅದರ ಹನ್ನೆರಡರಷ್ಟು ದೂರದವರೆಗೆ ಬೇರಿನ ನೆಲೆಯೆಂದು ಎಣಿಸುತ್ತದೆ. ಅವನು ಟೇಪು ಹಿಡಿದು ಹುಣಸೆಯನ್ನು ಅಳೆದನು. ಸುತ್ತಳತೆ 6 ಅಡಿ. ಅಡ್ಡಳತೆ 2 ಅಡಿಗೆ ತುಸು ಕಡಿಮೆ. ಬೇರಿನ ನೆಲೆ ಸುಮಾರು 23 ಅಡಿ. ಒಂಬತ್ತು ಅಡಿ ಬಿಟ್ಟದ್ದು ಉದಾರತೆಯೆಂದು ತಿಳಿದಿದ್ದವನು, ಷೆಡ್ಡಿನ ಬಹುಭಾಗ ಮರದ ಊಟದ ಎಡೆಯ ಮೇಲೆಯೇ ನಿಲ್ಲುತ್ತದೆಂದು ಕಂಡುಕೊಂಡನು. ಆದರೆ 23 ಅಡಿ ಬಿಟ್ಟರೆ ಷೆಡ್ಡಿಗೆ ಅಲ್ಲಿ ಸ್ಥಳವೇ ಇರಲಿಲ್ಲ. ತಾಯಿಯ ನಲವತ್ತು ಹೆಜ್ಜೆಗಳೂ ಹಾಗೆಯೇ ಇದ್ದವು.

ಈ ಬಿಕ್ಕಟ್ಟನ್ನು ಸಡಿಲಿಸಿದವರು ಆ ಮನೆಯ ಸೊಸೆ. ಮನೆಯಲ್ಲಿರುವುದು ಒಂದೇ ಕಾರು, ಇಪ್ಪತ್ತಡಿ ಅಗಲ ಯಾರಿಗಾಗಿ ಎಂದು ಅವರು ಕೇಳಿದರು. ಮುಂದೆ ಎರಡನೆಯ ಕಾರು ಬಂದರೆ ಇರಲಿ ಎಂಬುದು ಮಗನ ಉತ್ತರ. ಆಗ ಅವರು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನಪಿಸಿದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆ ಅಧಿಕವು ಅಗತ್ಯವಲ್ಲ, ಆಸೆ ಎಂದು ತಿಳಿಹೇಳಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಮಾಡಿದರು. ಅತ್ತೆಯವರಿಗೆ ಬೇಕಾದುದು ತಲೆಯ ಮೇಲೊಂದು ನೆರಳು, ಕಾಲಿಗೆ ಜಾರದ ನೆಲ. ಉಳಿದ ಹತ್ತಡಿ ಹೆಚ್ಚಿಗೆ ಆಯ್ದ ಅಕ್ಕಿ ಎಂದು ಸೊಸೆಯವರು ಹೇಳಿದಾಗ ಹಿರಿಯರ ಮುಖ ಅರಳಿತು.

ಮರುದಿನ ನಕ್ಷೆ ಬದಲಾಯಿತು. ಗೋಡೆಗಳನ್ನು ಕೈಬಿಟ್ಟರು. ಗೋಡೆಯಿಲ್ಲದ ಮೇಲೆ ಉದ್ದನೆಯ ತಳಪಾಯವೂ ಬೇಕಾಗಲಿಲ್ಲ, ಬೇರು ಗೋಡೆ ಸೀಳುವ ಭಯವೂ ಉಳಿಯಲಿಲ್ಲ. ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ನಾಲ್ಕು ಕಬ್ಬಿಣದ ಕಂಬಗಳು, ಮೇಲೆ ತಗಡಿನ ಚಾವಣಿ. ಕಂಬದ ಕುಳಿಗಳನ್ನು ಕೈಯಿಂದಲೇ, ಸಲಾಕೆ ಕರಣಿಗಳಿಂದ ಮೆಲ್ಲಗೆ ತೋಡಿದರು. ದಪ್ಪ ಬೇರು ಕಂಡಲ್ಲಿ ಕುಳಿಯನ್ನು ಮುಚ್ಚಿ ಪಕ್ಕಕ್ಕೆ ಸರಿದರು. ಒಂದು ಕಂಬವಂತೂ ಮೂರು ಬಾರಿ ಸ್ಥಳ ಬದಲಾಯಿಸಿತು. ಹೀಗಾಗಿ ಆ ಚಾವಣಿ ಇಂದಿಗೂ ಒಂದು ಮೂಲೆಯಲ್ಲಿ ಸೊಟ್ಟಗಿದೆ. ನೆಲಕ್ಕೆ ಕಾಂಕ್ರೀಟು ಹಾಕದೆ, ಮಣ್ಣನ್ನು ದಮ್ಮಸು ಮಾಡದೆ, ಜಲ್ಲಿಯ ಮೇಲೆ ಸಂದು ಬಿಟ್ಟು ಕಲ್ಲುಚಪ್ಪಡಿಗಳನ್ನು ಹಾಸಿದರು. ಚಾವಣಿಯ ಮಳೆನೀರನ್ನು ಕೊಳವೆಯ ಮೂಲಕ ಹುಣಸೆಯ ಪಾತಿಗೆ ತಿರುಗಿಸಿದರು. ತೋಡಿದ್ದ ಪಾಯವನ್ನು ಅದೇ ಮಣ್ಣಿನಿಂದ ಮುಚ್ಚಿದರು. ಕಾರು ಬಾಗಿಲವರೆಗೆ ಬರಲಾಗಲಿಲ್ಲ. ಹನ್ನೆರಡು ಹೆಜ್ಜೆಗಳು ಉಳಿದವು. ಆ ಹನ್ನೆರಡನ್ನು ನಡೆಯುವುದಾಗಿ ತಾಯಿಯವರೇ ಒಪ್ಪಿಕೊಂಡರು. ಅವರ ಕೈಗೆ ಆಸರೆಯಾಗಿ ಒಂದು ಕಂಬಿ ಹಾಕಿಸಲಾಯಿತು.

ಇಷ್ಟಾದರೂ ಮೊದಲ ದಿನ ಕಡಿದ ಬೇರು ಮರಳಿ ಕೂಡಲಿಲ್ಲ. ಬೇರಿನ ಗಾಯವನ್ನು ಮರವು ಕೂಡಲೇ ತೋರಿಸುವುದಿಲ್ಲ; ಎರಡು ಮೂರು ವರುಷಗಳ ಮೇಲೆ ಅದು ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. 2024ರ ಬೇಸಿಗೆಯಲ್ಲಿ ಷೆಡ್ಡಿನ ಕಡೆಯ ಒಂದು ಕೊಂಬೆಯ ತುದಿಗಳು ಒಣಗಿದವು. ಅನುಮತಿ ಪಡೆದು ಆ ಒಣಭಾಗವನ್ನು ತೆಗೆಸಿದರು. ಆ ವರುಷ ಮಠಕ್ಕೆ ಬಂದ ಹುಣಸೆಯ ಉಂಡೆಗಳು ಕಡಿಮೆಯಿದ್ದವು. ತಾಯಿಯವರು ಕಾರಣ ಹೇಳಿ ಒಪ್ಪಿಸಿದರು. ಬುಡಕ್ಕೆ ಎರೆದದ್ದು ತುದಿಯಲ್ಲಿ ತೋರುವುದು ಎಷ್ಟು ನಿಜವೋ, ಬುಡದಿಂದ ಕಸಿದದ್ದು ತುದಿಯಲ್ಲಿ ತೋರುವುದೂ ಅಷ್ಟೇ ನಿಜ.

ಶಾಸ್ತ್ರಗಳ ವಿಂಗಡಣೆಯಲ್ಲಿ ಮರವು ಸ್ಥಾವರ ವರ್ಗಕ್ಕೆ ಸೇರಿದುದು. ಶರಣರ ಪರಿಭಾಷೆಯಲ್ಲಿ ಜಂಗಮ ಪದಕ್ಕೆ ಅರಿವು ಆಚಾರಗಳು ಚಲಿಸುವ ರೂಪ ತಾಳಿದ ಶರಣನೆಂಬ ಅರ್ಥವೇ ಮುಖ್ಯ. ಮರವನ್ನೇ ಜಂಗಮವೆಂದರೆ ಅದು ಅತಿವ್ಯಾಪ್ತಿಯಾದೀತು. ಆದರೆ ಶರಣರು ಸ್ಥಾವರವನ್ನು ಅಲ್ಲಗಳೆದದ್ದು ಅದು ಚೈತನ್ಯವನ್ನು ಕಟ್ಟಿಹಾಕುತ್ತದೆ ಎಂಬ ಕಾರಣಕ್ಕೆ. ನಿಂತಲ್ಲಿಯೇ ನಿಂತಿರುವ ಮರದ ಬೇರಿನ ತುದಿ ನೆಲದೊಳಗೆ ನೀರನ್ನು ಅರಸುತ್ತ ದಿನವೂ ಸರಿಯುತ್ತಿರುತ್ತದೆ. ಅದರ ಮೇಲೆ ಸುರಿದ ಕಾಂಕ್ರೀಟೇ ನಿಜವಾದ ಸ್ಥಾವರ. ಆ ಮನೆಯಲ್ಲಿ ತಾಯಿಯ ಸೇವೆಗೂ ಮರದ ಉಳಿವಿಗೂ ವಿರೋಧವಿದೆಯೆಂದು ಎರಡು ದಿನ ಎಲ್ಲರಿಗೂ ತೋರಿತ್ತು. ವಿರೋಧವಿದ್ದದ್ದು ಅಗತ್ಯಕ್ಕೂ ಆಸೆಗೂ ನಡುವೆ. ಆಸೆಯ ಹತ್ತಡಿಯನ್ನು ಹಿಂದಿರುಗಿಸಿದ ಮೇಲೆ ಇಬ್ಬರಿಗೂ ಎಡೆ ದೊರೆಯಿತು. ಆದರೂ ಹನ್ನೆರಡು ಹೆಜ್ಜೆಗಳ ಶ್ರಮ ತಾಯಿಯ ಪಾಲಿಗೆ, ಒಂದು ಕೊಂಬೆಯ ನಷ್ಟ ಮರದ ಪಾಲಿಗೆ ಬಂದಿತು. ದಾಸೋಹವೆಂದರೆ ಇಂತಹ ಹಂಚಿಕೆಯೇ.

ಮನೆಗಳನ್ನು ವಿಸ್ತರಿಸುವ ಶರಣಬಂಧುಗಳು ಪಾಯಕ್ಕೆ ಗೆರೆ ಹಾಕುವ ಮುನ್ನ ಒಮ್ಮೆ ಮರದ ಸುತ್ತಳತೆಯನ್ನು ಅಳೆಯಲಿ. ಅನುಮತಿ ಬೇಕಾದಲ್ಲಿ ವೃಕ್ಷಾಧಿಕಾರಿಯನ್ನು ಮೊದಲೇ ಕಾಣಲಿ. ಬುಡದ ಸುತ್ತ ಮರಳು, ಜಲ್ಲಿ, ಸಿಮೆಂಟು ರಾಶಿ ಹಾಕದಿರಲಿ. ಬೇರಿನ ನೆಲೆಯಲ್ಲಿ ತೋಡಲೇಬೇಕಾದರೆ ಯಂತ್ರವನ್ನು ದೂರವಿಟ್ಟು ಕೈಯಿಂದ ತೋಡಿಸಲಿ. ಅದಕ್ಕೂ ಮೊದಲು, ಕಟ್ಟುವುದು ಅಗತ್ಯದಷ್ಟೇ ಇದೆಯೇ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿ. ಬೇರಿನ ವಚನವನ್ನು ಪೂಜೆಯಲ್ಲಿ ಓದುವವರಿಗೆ ಅದರ ಪೂರ್ವಾರ್ಧವನ್ನು ಪಾಲಿಸುವ ಸ್ಥಳ ಮನೆಯ ಅಂಗಳದಲ್ಲಿಯೇ ಇದೆ.