ನನ್ನ ಪುಸ್ತಕಪ್ರೀತಿ

ನಾನೊಬ್ಬ ಪುಸ್ತಕಪ್ರಿಯೆ. ನನ್ನ ಪರಿಚಯ ಹೇಳಬೇಕಾದಾಗ ಊರು, ಮನೆತನ, ಉದ್ಯೋಗಗಳಿಗಿಂತ ಮೊದಲು ಈ ಮಾತೇ ನಾಲಗೆಗೆ ಬರುತ್ತದೆ. ನನ್ನ ತವರೂರು ಬನಹಟ್ಟಿ, ತಂದೆಯವರು ನೇಕಾರರು. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದಿಲ್ಲದ ಮನೆ ಆಗ ವಿರಳ. ಶಾಲೆಯಿಂದ ಬಂದೊಡನೆ ಕಂಡಿಕೆ ಸುತ್ತುವುದು ನನ್ನ ಪಾಲಿನ ಕೆಲಸ. ಕೈಗಳು ರಾಟೆಯ ಮೇಲಿದ್ದರೆ ಕಣ್ಣು ಎದುರಿಗೆ ತೆರೆದಿಟ್ಟ ಪುಸ್ತಕದ ಮೇಲೆ. ಒಂದು ಕಂಡಿಕೆ ತುಂಬಿದಾಗ ಒಂದು ಪುಟ ಮಗುಚುವುದು ನನ್ನ ಲೆಕ್ಕ. “ಎಳಿ ಹರೀದಂಗ ನೋಡ್ಕೊಂಡು ಓದವ್ವಾ” ಎನ್ನುತ್ತಿದ್ದರೇ ಹೊರತು, ತಂದೆಯವರು ಓದಬೇಡವೆಂದು ಎಂದೂ ಹೇಳಲಿಲ್ಲ.

ಮುಂದೆ ಪದವಿಯ ವ್ಯಾಸಂಗಕ್ಕಾಗಿ ಜಮಖಂಡಿಗೆ ಹೋದೆ. 1948ರವರೆಗೆ ಪಟವರ್ಧನ ಅರಸರ ಸಂಸ್ಥಾನವಾಗಿದ್ದ ಆ ಊರಿನಲ್ಲಿ ರನ್ನನ ‘ಗದಾಯುದ್ಧ’ವನ್ನು ಮೊದಲ ಬಾರಿಗೆ ಓದಿದೆ. ರನ್ನನು ನೆರೆಯ ಮುಧೋಳದವನು. ಬಳೆಗಾರರ ಮನೆತನದಲ್ಲಿ ಹುಟ್ಟಿದವನು. ವಿದ್ಯೆಯ ಹಂಬಲದಿಂದ ಊರು ಬಿಟ್ಟು, ಅಜಿತಸೇನಾಚಾರ್ಯರಲ್ಲಿ ಕಲಿತು ‘ಕವಿಚಕ್ರವರ್ತಿ’ಯಾದನು. ಮಗ್ಗದ ಮನೆಯ ಹುಡುಗಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿರಲಿಲ್ಲ.

ಆದರೆ ನನ್ನ ಬಾಳಿಗೆ ದಾರಿ ತೋರಿದವಳು ಅವನ ಆಶ್ರಯದಾತೆಯಾದ ಅತ್ತಿಮಬ್ಬೆ. ರನ್ನನು ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದು ಆಕೆಯ ಪ್ರೇರಣೆಯಿಂದ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳೂ ಆಕೆಯೇ. ಅದು ಮುದ್ರಣವಿಲ್ಲದ ಕಾಲ. ಒಂದೊಂದು ಅಕ್ಷರವನ್ನೂ ತಾಳೆಗರಿಯ ಮೇಲೆ ಕೊರೆಯಬೇಕಿತ್ತು. ಗರಿಯನ್ನು ಹುಳು ತಿನ್ನುತ್ತದೆ, ಬೆಂಕಿ ಸುಡುತ್ತದೆ, ನೀರು ಕೊಳೆಸುತ್ತದೆ. ಪ್ರತಿ ಒಂದೇ ಆಗಿದ್ದರೆ ಒಂದೇ ವಿಪತ್ತಿಗೆ ಕಾವ್ಯ ಅಳಿದುಹೋದೀತು. ಸಾವಿರ ಕೈಗಳಲ್ಲಿದ್ದರೆ ಎಲ್ಲಾದರೂ ಉಳಿದೀತು.

ಮದುವೆಯಾಗಿ ಮುಧೋಳ ತಾಲೂಕಿನ, ಘಟಪ್ರಭೆಯ ದಂಡೆಯ ಹಳ್ಳಿಗೆ ಬಂದ ಮೇಲೆ ನಾನು ಕೊಂಡ ಪುಸ್ತಕಗಳನ್ನು ಕೇಳಿದವರಿಗೆಲ್ಲ ಓದಲು ಕೊಡತೊಡಗಿದೆ. “ಕೊಟ್ಟ ಪುಸ್ತಕ ತಿರುಗಿ ಬಂದೀತೇ?” ಎಂದು ಮನೆಯವರು ನಗುತ್ತಿದ್ದರು. ಕೆಲವು ಬರಲೂ ಇಲ್ಲ.

2019ರ ಆಗಸ್ಟಿನಲ್ಲಿ ನದಿಗೆ ಮಹಾಪೂರ ಬಂದಿತು. ನಾವು ಉಟ್ಟ ಬಟ್ಟೆಯಲ್ಲಿ ಎತ್ತರದ ಜಾಗಕ್ಕೆ ಹೋದೆವು. ನೀರಿಳಿದ ಮೇಲೆ ಬಂದು ನೋಡಿದರೆ ಕಪಾಟಿನ ಪುಸ್ತಕಗಳು ಒಂದಕ್ಕೊಂದು ಅಂಟಿ ಕೆಸರಿನ ಮುದ್ದೆಯಾಗಿದ್ದವು. ತಂದೆಯವರು ತಮ್ಮ ಕೈಯಾರೆ ನನ್ನ ಹೆಸರು ಬರೆದುಕೊಟ್ಟ ನಿಘಂಟೂ ಅವುಗಳಲ್ಲಿತ್ತು. ಅದನ್ನು ಬಿಸಿಲಿಗಿಟ್ಟೆ, ಅಕ್ಷರಗಳು ಮರಳಲಿಲ್ಲ.

ಕೆಲವು ದಿನಗಳಲ್ಲಿ ಬೀಳಗಿಯಿಂದ ಗೆಳತಿಯೊಬ್ಬಳು ಎರಡು ಚೀಲ ಹೊತ್ತು ಬಂದಳು. ಆಕೆಯ ತವರಿನ ಹಳ್ಳಿ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತ್ತು. ನೀರು ಏನೇನನ್ನು ಒಯ್ಯುತ್ತದೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಚೀಲಗಳಲ್ಲಿದ್ದವು ನಾನು ಹಿಂದೆ ಕೊಟ್ಟ ಪುಸ್ತಕಗಳೇ. “ಇವನ್ನು ನಮ್ಮ ಓಣಿಯ ಮಕ್ಕಳೆಲ್ಲ ಓದ್ಯಾರ, ಅಕ್ಕಾ” ಎಂದಳು. ಪುಟಗಳ ಅಂಚು ಸವೆದಿದ್ದವು. ಆದರೆ ಅಕ್ಷರಗಳು ಹಾಗೆಯೇ ಇದ್ದವು.

ನನ್ನ ಜೀವನದರ್ಶನ ಬಹಳ ಚಿಕ್ಕದು. ಸಂಗ್ರಹಿಸಿದ್ದು ನಮ್ಮ ಮನೆಯಷ್ಟೇ ಕಾಲ ಬಾಳುತ್ತದೆ. ಹಂಚಿದ್ದು ಊರಿನಷ್ಟು ಕಾಲ ಬಾಳುತ್ತದೆ. ಪುಸ್ತಕಕ್ಕೆ ಸಲ್ಲುವ ಈ ಮಾತು ವಿದ್ಯೆಗೂ ಸಲ್ಲುತ್ತದೆ, ಸ್ನೇಹಕ್ಕೂ ಸಲ್ಲುತ್ತದೆ. ಈಗ ನನ್ನ ಮನೆಯಲ್ಲಿ ಹೊಸ ಕಪಾಟು ಇದೆ; ಅದಕ್ಕೆ ಬೀಗವಿಲ್ಲ. ಅದು ಅರ್ಧ ಬರಿದಾಗಿರುವ ದಿನ ನನಗೆ ಹೆಚ್ಚು ನೆಮ್ಮದಿ.