ಏಳನೆಯ ತರಗತಿಯಲ್ಲಿ ಹೋಮರ್

ಗ್ರೀಕರ ಪುರಾಣವನ್ನು ಕನ್ನಡ ಶಾಲೆಯ ಮಕ್ಕಳಿಗೆ ಹೇಳಲು ಹೊರಟವನಿಗೆ ಮೊದಲು ಎದುರಾಗುವ ತೊಡಕು ದೇವತೆಗಳದಲ್ಲ, ನೀತಿಯದೂ ಅಲ್ಲ; ಹೆಸರುಗಳದು. ‘ಒಡಿಸ್ಯೂಸ್’ ಎಂದು ಕರಿಹಲಗೆಯ ಮೇಲೆ ಬರೆದು ಮೂರು ಸಲ ಹೇಳಿಸಿದೆ. ನಾಲ್ಕನೆಯ ಸಲಕ್ಕೆ ಅದು ‘ಒಡೆಯಸ್’ ಆಯಿತು. ಮರುವಾರ ಹೋಗುವಷ್ಟರಲ್ಲಿ ಬಾಲವೂ ಉದುರಿ ಬರಿಯ ‘ಒಡೆಯ’ ಉಳಿದಿದ್ದ. ಇಥಾಕ ದ್ವೀಪಕ್ಕೆ ಅವನು ಒಡೆಯನೇ ಆದ್ದರಿಂದ ನಾನು ತಿದ್ದುವ ಗೋಜಿಗೆ ಹೋಗಲಿಲ್ಲ. ಅವನ ಹೆಂಡತಿ ಪೆನೆಲೊಪಿ ‘ಪೆನ್ನಮ್ಮ’ ಆದಳು. ಒಕ್ಕಣ್ಣ ರಾಕ್ಷಸ ಪಾಲಿಫೀಮಸ್ಸನಂತೂ ಮೊದಲ ದಿನವೇ ‘ಪಾಲಿಭೀಮ’ನಾಗಿ, ನಮ್ಮ ಭೀಮಸೇನನ ದೂರದ ದಾಯಾದಿಯಂತೆ ತರಗತಿಯಲ್ಲಿ ನೆಲೆಸಿಬಿಟ್ಟ. ನಮ್ಮ ಭಾಷಾಶಾಸ್ತ್ರದ ಅಧ್ಯಾಪಕರು ಇದನ್ನು ತದ್ಭವವೆನ್ನುವರೋ ಅಪಭ್ರಂಶವೆನ್ನುವರೋ ನಾನರಿಯೆ. ಮಕ್ಕಳಿಗೆ ಮಾತ್ರ ಬಹಳ ಅನುಕೂಲವಾಯಿತು.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವತಿಯಿಂದ 2023ರ ನವೆಂಬರಿನಿಂದ ಮೊದಲ್ಗೊಂಡು ಪ್ರತಿ ಶನಿವಾರ ಸುತ್ತಲಿನ ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಹೋಗಿ ಒಂದು ಗಂಟೆ ಪಾಠ ಹೇಳುವ ಏರ್ಪಾಡಾಗಿತ್ತು. ಗಣಿತ ಬಲ್ಲವರು ಗಣಿತವನ್ನೂ, ಇಂಗ್ಲಿಷಿನಲ್ಲಿ ಧೈರ್ಯವುಳ್ಳವರು ಇಂಗ್ಲಿಷನ್ನೂ ಹಂಚಿಕೊಂಡರು. ನನ್ನ ಪಾಲಿಗೆ ‘ಕಥೆ’ ಉಳಿಯಿತು. ಬೇರೇನೂ ಬಾರದವನಿಗೆ ಕೊಡುವ ವಿಷಯ ಅದೆಂದು ಮಿತ್ರರು ನಕ್ಕರು. ಆ ದಿನಗಳಲ್ಲಿ ನಾನು ನಮ್ಮ ಗ್ರಂಥಾಲಯದಿಂದ ಇ. ವಿ. ರಿಯೂ ಅವರ ‘ಒಡಿಸ್ಸಿ’ಯನ್ನು ತಂದು ಓದುತ್ತಿದ್ದೆ. ಪೆಂಗ್ವಿನ್ ಪ್ರಕಟಣೆಯವರು ತಮ್ಮ ಪ್ರಾಚೀನ ಗ್ರಂಥಮಾಲೆಯನ್ನು 1946ರಲ್ಲಿ ಆರಂಭಿಸಿದ್ದು ಇದೇ ಗದ್ಯಾನುವಾದದಿಂದ. ಪುಸ್ತಕ ಕೈಯಲ್ಲಿತ್ತು, ಕಥೆ ತಲೆಯಲ್ಲಿತ್ತು, ಅದನ್ನೇ ಹೇಳಹೊರಟೆ.

ಆ ಶಾಲೆಯ ಮುಖ್ಯೋಪಾಧ್ಯಾಯರು ಹಳೆಯ ಕಾಲದ ಕನ್ನಡ ಪಂಡಿತರ ಮನೆತನದವರು. “ತಮ್ಮಾ, ನಮ್ಮ ರಾಮಾಯಣ ಭಾರತ ಬತ್ತಿ ಹೋದವೇನು? ಈ ಹುಡುಗರಿಗೆ ಕುಮಾರವ್ಯಾಸ ನೆಟ್ಟಗೆ ಗೊತ್ತಿಲ್ಲ, ನೀನು ಗ್ರೀಸಿನಿಂದ ಹೊತ್ತುಕೊಂಡು ಬಂದಿ” ಎಂದರು. ಪ್ರಶ್ನೆ ಸುಳ್ಳಲ್ಲ. ನಾನು ಬಿ. ಎಂ. ಶ್ರೀಯವರನ್ನು ಅಡ್ಡ ಹಿಡಿದೆ. ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಅವರು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ನಮ್ಮ ಭಾರತದೊಳಕ್ಕೆ ತಂದರಲ್ಲ. ಈಸ್ಕಿಲಸನ ನಾಟಕವನ್ನು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಿಸಿದರಲ್ಲ. ಅದರಿಂದ ಕನ್ನಡ ಬಡವಾಯಿತೇ ಎಂದು ಕೇಳಿದೆ. “ಅವರು ಶ್ರೀಯವರು. ನೀನು ಯಾರು?” ಎಂದು ಅವರು ಒಂದೇ ಮಾತಿನಲ್ಲಿ ನನ್ನ ವಾದವನ್ನು ಮುಗಿಸಿದರು. ಆದರೂ ತರಗತಿಯ ಬೀಗದ ಕೈ ಕೊಟ್ಟರು.

ಅವರ ಮನಸ್ಸನ್ನು ತಿರುಗಿಸಿದ್ದು ಶ್ರೀಯವರಲ್ಲ, ಒಂದು ಭಗಣ. ಆ ಸಂಗತಿ ಸ್ವಲ್ಪ ವಿಸ್ತರಿಸಿ ಹೇಳತಕ್ಕದ್ದು.

ಹೋಮರನ ಛಂದಸ್ಸನ್ನು ನಾವು ಇಂಗ್ಲಿಷಿನ ಮೂಲಕ ಓದಿದಾಗ ಅದು ಬಹಳ ದೂರದ್ದೆಂದು ತೋರುತ್ತದೆ. ಇಂಗ್ಲಿಷಿನವರು ಲೆಕ್ಕ ಹಿಡಿಯುವುದು ಉಚ್ಚಾರದ ಒತ್ತನ್ನು. ಗ್ರೀಕರು ನಮ್ಮ ಹಾಗೆಯೇ ಅಕ್ಷರ ಹ್ರಸ್ವವೋ ದೀರ್ಘವೋ ಎಂಬುದನ್ನು ನೋಡುವವರು. ಅವನ ಒಂದು ಸಾಲಿಗೆ ಆರು ಗಣ. ಒಂದೊಂದು ಗಣವೂ ಒಂದು ಗುರು, ಎರಡು ಲಘು. ಅದರ ಬದಲು ಎರಡು ಗುರು ಬಂದರೂ ಸರಿ. ಅಂದರೆ ಎಲ್ಲಿ ನೋಡಿದರೂ ನಾಲ್ಕು ಮಾತ್ರೆ. ಸಾಲಿನ ಕಡೆಯ ಗಣಕ್ಕೆ ಎರಡೇ ಅಕ್ಷರ. ಪಾದಾಂತದ ಲಘುವನ್ನು ಗುರುವೆಂದು ಎಣಿಸುವ ಸಲಿಗೆಯೂ ನಮ್ಮಲ್ಲಿದ್ದಂತೆ ಅಲ್ಲಿ ಉಂಟು. ಇದನ್ನು ಮಕ್ಕಳಿಗೆ ತೋರಿಸಲೆಂದು ಒಂದು ಸಾಲನ್ನು ನಾನೇ ಹೊಸೆದೆ. ಕಾವ್ಯವೆಂದು ಯಾರೂ ಭ್ರಮಿಸಬೇಕಾಗಿಲ್ಲ:

ದೂರದ ಸಾಗರ ದಾಟುತ ಬಂದನು ನಾವಿಕನೊಬ್ಬಂ

ಪ್ರತಿ ಗಣದ ಮೊದಲ ಅಕ್ಷರಕ್ಕೆ ಚಪ್ಪಾಳೆ ಎಂದು ಕಟ್ಟುಮಾಡಿದೆ. ಮೂವತ್ತು ಮಕ್ಕಳು ಒಟ್ಟಿಗೆ ಚಪ್ಪಾಳೆ ತಟ್ಟಿದರೆ ತಗಡಿನ ಸೂರಿನ ಕೆಳಗೆ ಎಂಥ ಸದ್ದಾಗುತ್ತದೆಂಬುದನ್ನು ಊಹಿಸಬಹುದು. ಪಡಸಾಲೆಯಲ್ಲಿ ಹೋಗುತ್ತಿದ್ದ ಮುಖ್ಯೋಪಾಧ್ಯಾಯರು ಗದರಿಸಲೆಂದೇ ಒಳಗೆ ಬಂದವರು, ಹಲಗೆಯನ್ನು ನೋಡಿ, ನನ್ನ ಕೈಯಿಂದ ಸುಣ್ಣದ ಕಡ್ಡಿ ತೆಗೆದುಕೊಂಡು ತಾವೇ ಪ್ರಸ್ತಾರ ಹಾಕಿದರು. “ಐದು ಭಗಣ, ಕೊನೆಗೆ ಎರಡು ಗುರು” ಎಂದು ಹಿಂದಕ್ಕೆ ಸರಿದು ಕನ್ನಡಕದ ಮೇಲಿಂದ ದಿಟ್ಟಿಸಿದರು. ಹೀಗೆ ಹನ್ನೆರಡು ಸಾವಿರ ಸಾಲುಗಳು ‘ಒಡಿಸ್ಸಿ’ಯಲ್ಲಿ ಇವೆಯೆಂದೂ, ‘ಇಲಿಯಡ್’ ಇನ್ನೂ ದೊಡ್ಡದೆಂದೂ ಹೇಳಿದೆ. “ಹಾಗಾದರೆ ಆ ಮನುಷ್ಯ ನಮ್ಮವನೇ” ಎಂದು ಕಡೆಯ ಬೆಂಚಿನಲ್ಲಿ ಕುಳಿತರು. ಅಂದಿನಿಂದ ಅವರು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಅಷ್ಟು ಸಾಲುಗಳನ್ನು ಬರೆಯದೆ ಹಾಡುವುದು ಹೇಗೆ ಸಾಧ್ಯವೆಂದು ನಮ್ಮ ಕಾಲೇಜಿನ ಮಿತ್ರರಂತೆ ಆ ಮಕ್ಕಳು ಕೇಳಲಿಲ್ಲ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಅಕ್ಷರ ಬಾರದ ಹಾಡುಗಾರರನ್ನು ಹುಡುಕಿಕೊಂಡು ಹೋಗಿ ಇದಕ್ಕೆ ಉತ್ತರ ಕಂಡುಕೊಳ್ಳಬೇಕಾಯಿತು. ನಮ್ಮ ಏಳನೆಯ ತರಗತಿಯ ಹುಡುಗಿಯೊಬ್ಬಳು, “ನಮ್ಮ ಆಯಿ ರಾತ್ರಿ ಪೂರಾ ಹಾಡ್ತಾಳ್ರಿ” ಎಂದು ಕುಳಿತಲ್ಲೇ ಮುಗಿಸಿದಳು.

ಕಥೆಗಳ ಹೋಲಿಕೆಯನ್ನು ಹುಡುಕುವುದು ಸುಲಭ. ಅದರಲ್ಲಿ ಮಕ್ಕಳು ನನಗಿಂತ ಚುರುಕು. ಅಕಿಲೀಸನ ಹಿಮ್ಮಡಿ ಎಂದೊಡನೆ ದುರ್ಯೋಧನನ ತೊಡೆ ಎಂದರು. ಪರ್ಸ್ಯೂಸ್ ಮಗುವಾಗಿದ್ದಾಗ ಅವನನ್ನೂ ತಾಯಿಯನ್ನೂ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಬಿಟ್ಟರೆಂದರೆ, “ಕರ್ಣ, ಕರ್ಣ” ಎಂದು ಕೂಗಿದರು. ಒಂದೆರಡು ವಾರ ಇದು ಚೆನ್ನಾಗಿತ್ತು. ಆಮೇಲೆ ಬೇಸರವಾಯಿತು. ಎಲ್ಲವೂ ನಮ್ಮಲ್ಲೇ ಇದೆ ಎಂದಾದರೆ ಕೇಳುವುದೇಕೆ? ಹೋಲಿಕೆ ಎಲ್ಲಿ ಮುರಿಯುತ್ತದೆಯೋ ಅಲ್ಲಿಯೇ ಪಾಠ ಹುಟ್ಟುತ್ತದೆಂದು ನನಗೆ ತೋರಿತು. ಪರ್ಸೆಫೊನಿಯನ್ನು ಪಾತಾಳದ ದೊರೆ ಕದ್ದೊಯ್ದ ಕಥೆಯಲ್ಲಿ, ತಂದೆ ಸ್ಯೂಸನೇ ತಾಯಿಗೆ ತಿಳಿಸದೆ ಒಪ್ಪಿಗೆ ಕೊಟ್ಟಿದ್ದನೆಂದು ಹೇಳಿದಾಗ ಹುಡುಗಿಯರ ಸಾಲು ಸುಮ್ಮನಾಯಿತು. “ತಾಯಿಗೂ ಹೇಳಲಿಲ್ಲೇನ್ರಿ?” ಎಂದು ಒಬ್ಬಳು ಎರಡು ಸಲ ಕೇಳಿದಳು. ಅದಕ್ಕೆ ಯಾವ ಹೋಲಿಕೆಯನ್ನೂ ಯಾರೂ ಹೇಳಲಿಲ್ಲ.

ಇನ್ನು ಪಾಲಿಭೀಮನ ಗವಿ. ರಾಕ್ಷಸ ಹೊತ್ತಿಗೆ ಇಬ್ಬರಂತೆ ಆರು ಜನರನ್ನು ತಿಂದ ಮೇಲೆ ಒಡಿಸ್ಯೂಸ್ ಅವನಿಗೆ ಮದ್ಯ ಕುಡಿಸಿ ತನ್ನ ಹೆಸರು ‘ಊಟಿಸ್’ ಎನ್ನುತ್ತಾನೆ. ಗ್ರೀಕಿನಲ್ಲಿ ಹಾಗೆಂದರೆ ‘ಯಾರೂ ಅಲ್ಲದವನು’. ಕಣ್ಣು ಕಳೆದುಕೊಂಡ ರಾಕ್ಷಸ ಅರಚಿಕೊಂಡಾಗ ನೆರೆಯವರು ಬಂದು ಯಾರು ಕೊಲ್ಲುತ್ತಿದ್ದಾರೆಂದು ಕೇಳಿದರೆ, ಅವನು ಆ ಹೆಸರನ್ನೇ ಹೇಳುತ್ತಾನೆ, ಅವರು ಹಿಂದಿರುಗುತ್ತಾರೆ. ಇಂಗ್ಲಿಷಿಗೆ ಈ ಚಮತ್ಕಾರ ಸಲೀಸಾಗಿ ಬರುತ್ತದೆ. ಕನ್ನಡದಲ್ಲಿ ಪೇಚು. ನಮ್ಮ ‘ಯಾರೂ’ ಎಂಬುದು ನಿಷೇಧವನ್ನು ಒಂಟಿಯಾಗಿ ಹೊರಲಾರದು. ಕ್ರಿಯಾಪದವೂ ‘ಇಲ್ಲ’ ಎನ್ನಬೇಕು. ‘ಯಾರೂ ಕೊಲ್ಲುತ್ತಿದ್ದಾನೆ’ ಎಂದರೆ ಕನ್ನಡವೇ ಅಲ್ಲ. ‘ಯಾರೂ ಕೊಲ್ಲುತ್ತಿಲ್ಲ’ ಎಂದರೆ ರಾಕ್ಷಸ ಸುಳ್ಳು ಹೇಳಿದಂತಾಯಿತು. ಎರಡು ರಾತ್ರಿ ಯೋಚಿಸಿದರೂ ದಾರಿ ಹೊಳೆಯದೆ ತೊಡಕನ್ನು ಮಕ್ಕಳ ಮುಂದೆಯೇ ಇಟ್ಟೆ. ಕಿಟಕಿಯ ಪಕ್ಕದಲ್ಲಿ ಸದಾ ಮೌನವಾಗಿ ಕೂರುವ ಹುಡುಗನೊಬ್ಬ ಎದ್ದು, “ಅವರು ‘ಒಳಗ ಯಾರದಾರಲೇ’ ಅಂತ ಕೇಳ್ಲಿ ಬಿಡ್ರಿ. ಇಂವ ‘ಯಾರೂ ಇಲ್ರಿ’ ಅಂತಾನ. ಅದೇ ಅವನ ಹೆಸರು” ಎಂದ. ತರಗತಿ ಹೋ ಎಂದಿತು. ರಾಕ್ಷಸನು ನೆರೆಯ ರಾಕ್ಷಸರಿಗೆ ‘ರೀ’ ಹಚ್ಚಿ ಮಾತಾಡಿದ್ದಂತೂ ಮುಖ್ಯೋಪಾಧ್ಯಾಯರಿಗೆ ಬಹಳ ಹಿಡಿಸಿತು. ಆ ವಾರವೆಲ್ಲ ಶಾಲೆಯಲ್ಲಿ ಮಸಿ ಚೆಲ್ಲಿದವನು, ಗಂಟೆ ಬಾರಿಸಿದವನು, ಪೇರಲ ಕದ್ದವನು ‘ಯಾರೂ ಇಲ್ರಿ’ ಒಬ್ಬನೇ ಆಗಿದ್ದನಂತೆ. ಹುಡುಗನಿಗೂ ಅದೇ ಹೆಸರು ಅಂಟಿತು.

ಮುಂದಿನ ವಾರ ಮಕ್ಕಳ ತಂದೆತಾಯಿಗಳ ಸಭೆ ಇತ್ತು. ನಿಮ್ಮ ಮನೆಯಿಂದ ಯಾರು ಬರುತ್ತಾರೆಂದು ಉಪಾಧ್ಯಾಯಿನಿಯೊಬ್ಬರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಅವನ ಸರದಿಗೆ ಅವನು “ಯಾರೂ ಇಲ್ರಿ” ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

2023 ನಮ್ಮ ಕಡೆಗೆ ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ದೀಪಾವಳಿ ಕಳೆದೊಡನೆ ಆ ಹಳ್ಳಿಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡವು. ಹುಡುಗನ ತಂದೆತಾಯಿಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಅವನು, ಪುಟ್ಟ ತಂಗಿ, ಕಿವಿ ಮಂದವಾದ ಅಜ್ಜಿ. ಇದನ್ನು ಮುಖ್ಯೋಪಾಧ್ಯಾಯರು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ತಿಳಿಸಿದರು. ನನ್ನ ಕಥೆ ಯುದ್ಧ ಮತ್ತು ರಾಕ್ಷಸರದೆಂದು ನಾನು ತಿಳಿದಿದ್ದೆ. ಆ ಹುಡುಗ ಮೊದಲ ದಿನದಿಂದಲೂ ಕೇಳುತ್ತಿದ್ದುದು ತಂದೆ ಊರಿಗೆ ಬಾರದ ಕಥೆಯನ್ನು.

ಅಲ್ಲಿಂದ ಮುಂದೆ ಅವನು ಬಾಯಿ ಬಿಟ್ಟ. ಒಡೆಯನ ಮೇಲೆ ಅವನಿಗೆ ದೊಡ್ಡ ಸಿಟ್ಟು. ಯುದ್ಧಕ್ಕೆ ಹತ್ತು ವರ್ಷ ಹಿಡಿದದ್ದನ್ನು ಅವನು ಕ್ಷಮಿಸಬಲ್ಲ. ಕೆಲಸವೆಂದ ಮೇಲೆ ಮುಗಿಸಬೇಕಲ್ಲ. ಆದರೆ ಸರ್ಸಿಯ ಮನೆಯಲ್ಲಿ ಒಂದು ವರ್ಷ ಉಂಡು ಕೂತದ್ದೇಕೆ? ಕ್ಯಾಲಿಪ್ಸೊಳ ದ್ವೀಪದಲ್ಲಿ ಏಳು ವರ್ಷ! ಅವಳು ಬಿಡಲಿಲ್ಲ, ಅವನು ದಿನವೂ ಕಡಲ ದಂಡೆಯಲ್ಲಿ ಕೂತು ಅಳುತ್ತಿದ್ದ ಎಂದು ನಾನು ಹೋಮರನ ಪರವಾಗಿ ವಾದಿಸಿದೆ. “ಅಳೋದಕ್ಕ ಏಳು ವರ್ಷ ಬೇಕೇನ್ರಿ?” ಎಂದ. ಪಾಲಿಭೀಮನಿಂದ ಪಾರಾಗಿ ಹಡಗು ಹತ್ತಿದ ಮೇಲೆ ಸುಮ್ಮನಿರದೆ ತನ್ನ ನಿಜವಾದ ಹೆಸರನ್ನು ಕೂಗಿ ಹೇಳಿ, ಸಮುದ್ರದೇವತೆ ಪೊಸೈಡನ್ನನ ಕೋಪವನ್ನು ತಲೆಗೆ ಎಳೆದುಕೊಂಡನಲ್ಲ, ಅದನ್ನಂತೂ ಅವನು ಕಡೆಯವರೆಗೂ ಒಪ್ಪಲಿಲ್ಲ. ವಿಮರ್ಶಕರು ಇದನ್ನು ವೀರನ ಅಹಂಕಾರವೆಂದು ದೊಡ್ಡ ಮಾತಿನಲ್ಲಿ ಹೇಳುತ್ತಾರೆ. ಅವನು ಹೇಳಿದ್ದು, “ಮನೀ ನೆನಪಿದ್ದಿದ್ರ ಬಾಯಿ ಮುಚ್ಚಿಕೊಂಡು ಬರ್ತಿದ್ದ.”

ಮಗ ಟೆಲಿಮಾಕಸ್ ಮತ್ತು ತಂದೆ ಎದುರುಬದುರಾಗುವ ಭಾಗ ಬಂದಾಗ ಫೆಬ್ರವರಿ ಮುಗಿಯುತ್ತ ಬಂದಿತ್ತು. ಇಪ್ಪತ್ತು ವರ್ಷದ ಮಗನಿಗೆ, ಹಂದಿ ಕಾಯುವವನ ಗುಡಿಸಲಲ್ಲಿ ಕುಳಿತ ಮುದಿ ಭಿಕ್ಷುಕ ತನ್ನ ತಂದೆಯೆಂದು ತಿಳಿಯುವುದಿಲ್ಲ. ದೇವತೆ ಅಥೀನಾ ವೇಷ ಕಳಚಿದ ಮೇಲೂ ಮೊದಲು ನಂಬುವುದಿಲ್ಲ. ಅದರ ಬೆನ್ನಿಗೇ ನಾಯಿ ಆರ್ಗಸ್‌ನ ಪ್ರಸಂಗ. ಒಡೆಯ ಯುದ್ಧಕ್ಕೆ ಹೊರಡುವ ಮೊದಲು ಸಾಕಿದ ಮರಿ, ಈಗ ಮುದಿಯಾಗಿ ಸಗಣಿಯ ತಿಪ್ಪೆಯ ಮೇಲೆ ಬಿದ್ದಿದೆ. ಅವನ ದನಿ ಕೇಳಿ ಬಾಲ ಆಡಿಸುತ್ತದೆ. ಎದ್ದು ಬರಲು ಶಕ್ತಿಯಿಲ್ಲ. ಅವನು ತನ್ನನ್ನು ತೋರಗೊಡುವಂತಿಲ್ಲ; ಜೊತೆಯವನಿಗೆ ಕಾಣದಂತೆ ಕಣ್ಣೊರಸಿಕೊಂಡು ಮುಂದೆ ಹೋಗುತ್ತಾನೆ. ನಾಯಿ ಅಲ್ಲಿಯೇ ಸಾಯುತ್ತದೆ. ಇಷ್ಟನ್ನು ಹೇಳಿ ನಾನು ಪುಸ್ತಕ ಮುಚ್ಚಿದೆ. ಚಪ್ಪಾಳೆಯ ಆ ತರಗತಿಯಲ್ಲಿ ಹೊರಗಿನ ಬಿಸಿಯೂಟದ ತಟ್ಟೆಗಳ ಸದ್ದು ಕೇಳುತ್ತಿತ್ತು.

“ಮಗಗ ಗುರ್ತು ಸಿಗಲಿಲ್ಲ, ನಾಯಿಗೆ ಸಿಕ್ತು” ಎಂದ ಹುಡುಗ. ಮಗ ಅಂದು ಎಳೆಗೂಸು, ನೆನಪಿರುವುದು ಹೇಗೆ ಎಂದೆ. ಅವನು ತಲೆ ಅಲ್ಲಾಡಿಸಿದ. ಹಿಂದಿನ ಯುಗಾದಿಗೆ ಅಪ್ಪ ಬಂದು ಕೈ ಚಾಚಿದಾಗ ತಂಗಿ ಅಜ್ಜಿಯ ಸೀರೆಯ ಹಿಂದೆ ಅವಿತುಕೊಂಡಳಂತೆ. “ಅಪ್ಪ ಏನೂ ಅನ್ನಲಿಲ್ರಿ. ಹೊರಗ ಹೋಗಿ ಬೀಡಿ ಸೇದಿದ.”

ಎಲ್ಲರೂ ತಟ್ಟೆ ಹಿಡಿದು ಓಡಿದ ಮೇಲೆ ಅವನು ನನ್ನ ಮೇಜಿನ ಬಳಿ ನಿಂತ. ಅಜ್ಜಿಯ ಮೊಬೈಲಿಗೆ ಅಪ್ಪ ವಾರಕ್ಕೊಮ್ಮೆ ಕರೆ ಮಾಡುತ್ತಿದ್ದನಂತೆ. ಉಂಡೆಯಾ, ಶಾಲೆಗೆ ಹೋದೆಯಾ, ಇಷ್ಟಾದರೆ ಮಾತು ಮುಗಿಯುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಒಂದು ರಾತ್ರಿ ಇವನು ಮಾತು ತೋಚದೆ ಪಾಲಿಭೀಮನ ಕಥೆ ಆರಂಭಿಸಿದ. ಅಪ್ಪ ಕೆಲಸದ ಶೆಡ್ಡಿನಲ್ಲಿ ಇನ್ನೂ ನಾಲ್ಕು ಜನರನ್ನು ಕೂರಿಸಿಕೊಂಡು ಕೇಳಿದನಂತೆ.

“ಕಲ್ಲು ಸರಿಸೋತನಕ ಹೇಳಿ ‘ಮುಂದಿಂದು ನಾಳೆ’ ಅಂತ ಇಟ್ಟುಬಿಟ್ಟೆರಿ. ಮರುದಿನಾನೇ ಮಾಡಿದ. ಈಗ ದಿನಾ ಮಾಡ್ತಾನ್ರಿ” ಎಂದ. ಕ್ಯಾಲಿಪ್ಸೊಳ ದ್ವೀಪವನ್ನು ಮಾತ್ರ ತಾನು ಹೇಳಲಿಲ್ಲವೆಂದೂ, ಒಡೆಯ ನೆಟ್ಟಗೆ ಮನೆಗೆ ಹೊರಟನೆಂದು ತಿದ್ದಿದೆನೆಂದೂ ಸೇರಿಸಿದ. ಆಮೇಲೆ, ಕಥೆ ಇನ್ನೂ ಎಷ್ಟು ಉಳಿದಿದೆ ಎಂದು ಕೇಳಿದ.

ಒಟ್ಟು 24 ಸರ್ಗಗಳು, ನಾವು 17ರಲ್ಲಿ ಇದ್ದೇವೆ ಎಂದೆ. ಅವನು ಬೆರಳು ಮಡಿಸಿ ಎಣಿಸಿದ.

“ಸಣ್ಣ ಸಣ್ಣ ಮಾಡಿ ಹೇಳಿದ್ರ ಯುಗಾದಿತನಕ ಬರ್ತೈತ್ರಿ” ಎಂದು ತಟ್ಟೆ ತೆಗೆದುಕೊಂಡು ಓಡಿದ.